ರುಮಾಲಿನ ಇನ್ನೊಂದು ತುದಿ

ಗಂಡ ಗೋವಿಂದರಾಜ ತರಿಸಿದ್ದ ಕರಿ ಮಿರುಗು ಗೌನು ಹಾಸಿಗೆಯ ಮೇಲೆ ಬಿದ್ದಿತ್ತು. ತೊಟ್ಟರೆ ಉಸಿರಾಡಲೂ ಅದರ ಅಪ್ಪಣೆ ಬೇಕು, ಅಷ್ಟು ಬಿಗಿ. ರೇಣುಕಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಪಕ್ಕಕ್ಕಿಟ್ಟಳು.

ಶನಿವಾರ ಗಂಗಾವತಿಯಾಚೆ ಹೊಳೆದಂಡೆಯ ರೆಸಾರ್ಟೊಂದರಲ್ಲಿ ಪಾರ್ಟಿ, ದೊಡ್ಡವರಿಗೆ ಮಾತ್ರ. ಮನಸ್ಸಿನ ಆಸೆ ಕಾಣುವಂಥ ಉಡುಗೆ ತೊಟ್ಟು ಹೋಗಬೇಕು. ಒಪ್ಪಿದವರು ಒಪ್ಪಿದವರೊಡನೆ ಸರಸವಾಡಬಹುದು. ಕಾರಟಗಿಯಲ್ಲಿ ಬೀಜ-ಗೊಬ್ಬರ ಮಾರುವ ಗೋವಿಂದರಾಜನಿಗೆ ಗೆಳೆಯ ನಾಗೇಶ ಇದರ ಹುಚ್ಚು ಹಿಡಿಸಿದ್ದ. ಹೋಗೋಣವೇನು ಎಂದು ಗಂಡ ಅಂಜುತ್ತ ಕೇಳಿದಾಗ ಅವಳು ಹೂಂ ಅಂದದ್ದು ಸರಸದ ಆಸೆಗಲ್ಲ. ಆಹ್ವಾನದಲ್ಲೊಂದು ನಿಯಮವಿತ್ತು: ಕೇಳದೆ ಯಾರನ್ನೂ ಮುಟ್ಟುವಂತಿಲ್ಲ, ಬೇಡವೆಂದರೆ ಬೇಡ.

ಅದನ್ನೋದಿ ಅವಳಿಗೆ ಅಳುವೇ ಬಂದಿತ್ತು. ಗಂಡ ಕೆಟ್ಟವನಲ್ಲ. ಬೈದವನಲ್ಲ, ಹೊಡೆದವನಲ್ಲ. ಆದರೆ ಮದುವೆಯಾದಾಗಿನಿಂದ ಮುಟ್ಟುವ ಮುಂಚೆ ಒಮ್ಮೆಯೂ ಕೇಳಿದವನಲ್ಲ. ಗಂಡನಾದವನು ಕೇಳುವುದುಂಟೇ ಎಂದು ಅವಳೂ ಬಾಯಿ ಹೊಲಿದುಕೊಂಡಿದ್ದಳು.

"ಈ ಗೌನು ನನಗ ಬ್ಯಾಡ್ರಿ. ನಾ ತಲಿಗೆ ರುಮಾಲು ಸುತ್ತಿಕೊಂತೀನಿ," ಅಂದಳು.

"ಗಂಡಸರ ರುಮಾಲಾ? ನೋಡಿದೋರು ನಗ್ತಾರ!"

"ನೋಡಿದೋರ ಮಾತು ಬಿಡ್ರಿ. ನೀವು ನಗ್ತೀರೇನು?"

ಅವನು ನಗಲಿಲ್ಲ.

ಅವಳು ಟ್ರಂಕಿನಿಂದ ಅಪ್ಪನ ಗುಲಾಬಿ ರುಮಾಲು ತೆಗೆದಳು. ಅಪ್ಪ ಕುಕನೂರು ಸಂತೆಗೆ ಹೊರಡುವಾಗ ಇದರ ಒಂದು ತುದಿಯನ್ನು ಜಗ್ಗಿ ಹಿಡಿದು ದೂರ ನಿಲ್ಲುವುದು ಅವಳ ಕೆಲಸವಾಗಿತ್ತು. ಅಪ್ಪ ಇನ್ನೊಂದು ತುದಿಯನ್ನು ತಲೆಗೆ ಸುತ್ತುತ್ತ ಹತ್ತಿರ ಬರುತ್ತಿದ್ದ. ಮದುವೆಯ ಮೇಲೆ ಮಾವನಿಗೂ ಹಿಡಿದಳು. ಕೈ ಸವೆಯುವಷ್ಟು ಹಿಡಿದರೂ ಅವಳ ತಲೆಗೆ ಸಿಕ್ಕಿದ್ದು ಸೆರಗೊಂದೇ. ಒಮ್ಮೆಯಾದರೂ ಸುತ್ತುವವಳಾಗಬೇಕೆಂಬ ಆಸೆ ಒಳಗೇ ಉಳಿದಿತ್ತು.

"ಹಿಡೀರಿ. ಸಡಿಲ ಬಿಡಬ್ಯಾಡ್ರಿ ಮತ್ತ."

ಗೋವಿಂದರಾಜ ತುದಿ ಹಿಡಿದು ಬಾಗಿಲ ಬಳಿ ನಿಂತ. ಅವನದೇ ಬಿಳಿ ಅಂಗಿ ತೊಟ್ಟ ಹೆಂಡತಿ ಗತ್ತಿನಿಂದ ಸುತ್ತುತ್ತ, ಹೆಜ್ಜೆಯಿಡುತ್ತ ಎದುರಿಗೆ ಬಂದಳು. ಅವನು ಕಣ್ಣು ಪಿಳುಕಿಸದೆ ನೋಡಿದ. ರೂಢಿಯಂತೆ ಅವನ ಇನ್ನೊಂದು ಕೈ ಅವಳ ನಡುವಿಗೆ ಹೋಯಿತು.

"ಬ್ಯಾಡ್ರಿ."

ಕೈ ಅಲ್ಲೇ ನಿಂತಿತು. ರೇಣುಕಮ್ಮ ಆ ಕೈಯನ್ನೇ ನೋಡಿದಳು. ಈಗ ಇವನು ಏ ಸುಮ್ಮನಿರು ಅಂದು ಹತ್ತಿರ ಎಳೆದರೆ ಮುಗಿಯಿತು. ಪಾರ್ಟಿಯ ನಿಯಮ ಪಾರ್ಟಿಯಲ್ಲೇ ಉಳಿಯುತ್ತದೆ, ಅವಳು ಮತ್ತೆ ಈ ಮಾತು ಎತ್ತುವವಳಲ್ಲ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಮುಖ ಕೆಂಪಾಗಿತ್ತು. ಹೊಸಬನ ದನಿಯಲ್ಲಿ, "ಮುಟ್ಟಲೇನ?" ಅಂದ.

ಅವಳ ಕಣ್ಣು ತುಂಬಿ ಬಂತು.

"ಇನ್ನೊಂದು ಸುತ್ತು ಉಳದೈತ್ರಿ. ತುದಿ ಬಿಡಬ್ಯಾಡ್ರಿ."

ಅವನು ಬಿಡಲಿಲ್ಲ. ಅವಳು ಅವಸರ ಮಾಡದೆ ಕೊನೆಯ ಸುತ್ತು ಸುತ್ತಿ, ಅವನ ಕೈಯಿಂದ ತುದಿ ಇಸಕೊಂಡು ಸಿಕ್ಕಿಸಿದಳು.

"ಈಗ ಕೇಳ್ರಿ, ಇನ್ನೊಮ್ಮೆ."