ಯೂಫೇಲಿಯಾ ಬಳಿದ ಗೋಡೆ

ವೆರ್ನಾ ಹಾಲ್‌ಸ್ಟೆಡ್ ನ್ಯೂ ಮೆಕ್ಸಿಕೋದ ನಮ್ಮೂರಿಗೆ ಬಂದಾಗ ಅವಳಿಗೆ ಮೂವತ್ತು. ನ್ಯೂಯಾರ್ಕಿನಲ್ಲಿ ಹೂಜಿ, ಹಣ್ಣಿನ ಚಿತ್ರ ಬರೆದು ಹೆಸರು ಮಾಡಿದ್ದಳಂತೆ. ನಮ್ಮ ಕಣ್ಣಿಗೆ ಅವಳು ಕುದುರೆ ಹತ್ತಲು ಬಾರದ ಹೆಂಗಸು, ಅಷ್ಟೇ.

ಊರಿನೆದುರು ಕೆಂಪು ಗುಡ್ಡವಿದೆ. ಮೊದಲ ಬಿಸಿಲು ಬಿದ್ದರೆ ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ ಉರಿಯುತ್ತದೆ. ಆ ಉರಿಯನ್ನು ಹಿಡಿಯಲು ಅವಳು ಇಪ್ಪತ್ತಾರು ವರ್ಷ ಹೆಣಗಿದಳು. ದೊಡ್ಡ ದೊಡ್ಡ ಮ್ಯೂಸಿಯಂಗಳು ಅವಳ ಗುಡ್ಡಗಳನ್ನು ಗೋಡೆಗೆ ಹಾಕಿಕೊಂಡವು. ಅವಳು ಮಾತ್ರ ಬಣ್ಣ ಅರೆದುಕೊಡುತ್ತಿದ್ದ ನನ್ನ ಹತ್ತಿರ, "ಎಲ್ಲಾ ಹೆಣಗಳು ಕಣೋ, ಲೆಯಾಂದ್ರೋ," ಎನ್ನುತ್ತಿದ್ದಳು. ಕೊನೆಗೆ ಕ್ಯಾನ್ವಾಸು ಬಿಟ್ಟು, ತನ್ನ ಮನೆಯ ಪೂರ್ವದ ಕಿಟಕಿಗೆ ಎದುರಾದ ಮಣ್ಣಿನ ಗೋಡೆಯ ಮೇಲೇ ಬರೆಯತೊಡಗಿದಳು. ಆ ಇಪ್ಪತ್ತಾರರಲ್ಲಿ ಕೊನೆಯ ಎರಡು ವರ್ಷ ಅದಕ್ಕೇ ಹೋಯಿತು. ಇದೂ ಸತ್ತರೆ ಮತ್ತೆ ಕುಂಚ ಮುಟ್ಟುವುದಿಲ್ಲ ಎಂದು ಆಣೆ ಇಟ್ಟಳು.

ನಮ್ಮಲ್ಲಿ ಗೋಡೆ ಕಟ್ಟುವುದು ಗಂಡಸರು, ಮೆತ್ತುವುದು ಹೆಂಗಸರು. ಈಸ್ಟರ್ ಕಳೆದ ಮೇಲೆ ಅವರು ಮನೆಮನೆಗೂ ನುಗ್ಗಿ, ಮಿನುಗುವ ಕಾಗೆಬಂಗಾರದ ಪುಡಿ ಬೆರೆತ ತಿಳಿಮಣ್ಣನ್ನು ಕುರಿಯ ತೊಗಲಿನಿಂದ ಬಳಿಯುತ್ತಾರೆ. ಯಾರನ್ನೂ ಕೇಳುವುದಿಲ್ಲ. ಆ ವರ್ಷ ವೆರ್ನಾ ಸಾಂತಾ ಫೆಗೆ ಹೋಗಿದ್ದಳು. ನಮ್ಮ ಯೂಫೇಲಿಯಾ ಚಿಕ್ಕಮ್ಮ ಒಳಗೆ ಹೋಗಿ ನೋಡಿದರೆ ಗೋಡೆ ತುಂಬ ಕೆಂಪು ಕಲೆ, ಹಕ್ಕಳೆ. ಪಾಪ, ಮಳೆ ನೀರು ಇಳಿದಿದೆ ಅಂದುಕೊಂಡು ಬಳಿದೇಬಿಟ್ಟಳು.

ಸಂಜೆ ವಿಷಯ ಕೇಳಿ ನಾನು ಕೂಗಿಕೊಂಡೆ.

"ಅದು ಚಿತ್ರ ಕಣೇ ಚಿಕ್ಕಮ್ಮ! ಎರಡು ವರ್ಷದ್ದು!"

"ಚಿತ್ರ ಆದ್ರೆ ಚೌಕಟ್ಟೆಲ್ಲೋ? ಗೋಡೆ ಮೇಲೆ ಬರ್ಕೊಂಡ್ರೆ ನಂಗೇನ್ ಕನಸು ಬೀಳುತ್ತಾ?"

ಮರುದಿನ ನಸುಕಿನಲ್ಲೇ ವೆರ್ನಾ ಬಂದಳು. ತಪ್ಪೊಪ್ಪಿಕೊಳ್ಳಲು ನಾವಿಬ್ಬರೂ ಹಿಂದೆಯೇ ಹೋದೆವು. ಬೋಳು ಗೋಡೆ ಕಂಡು ಅವಳ ಮುಖ ಸುಣ್ಣವಾಯಿತು. ಬೈಯಲು ಬಾಯಿ ತೆರೆದಳು.

ಅಷ್ಟರಲ್ಲಿ ಕಿಟಕಿಯಿಂದ ಬಿಸಿಲು ಬಿತ್ತು.

ತೆಳು ಮಣ್ಣಿನಡಿಯಿಂದ ಕೆಂಪು ಮೆಲ್ಲಗೆ ಮೇಲೆದ್ದಿತು. ಕಾಗೆಬಂಗಾರದ ಕಣಕಣವೂ ಹೊತ್ತಿಕೊಂಡಿತು. ಗುಡ್ಡ ಎದುರು ಬಂದು ನಿಂತು ಉಸಿರಾಡಿತು. ಚಿಕ್ಕಮ್ಮ ಶಿಲುಬೆಯ ಗುರುತು ಹಾಕಿಕೊಂಡಳು. ವೆರ್ನಾ ಟೋಪಿ ತೆಗೆದಳು.

ಗೋಡೆಯ ಹತ್ತಿರ ಹೋಗಿ ಬೆರಳಿಂದ ಮುಟ್ಟಿ ಕೇಳಿದಳು: "ಎಷ್ಟು ಸಲ ಬಳಿದೆ, ಅಕ್ಕಾ?"

"ಒಂದೇ ಸಲ. ಅದೂ ತೆಳ್ಳಗೆ. ನೀನು ಹಚ್ಚಿದ್ದರ ಮೇಲೆ ಹಚ್ಚಿ ಹಚ್ಚಿ ಗೋಡೆ ಉಸಿರೇ ಕಟ್ಟಿಸಿದ್ದೆಯಲ್ಲ ತಾಯಿ!"

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅಂಥವಳಿಗೆ ಅಂಥ ಮಾತೇ!

ವೆರ್ನಾ ಅಂಗಿಯ ತೋಳು ಮೇಲಕ್ಕೆ ಮಡಚಿದಳು. "ಆ ತೊಗಲು ಇಲ್ಲಿ ಕೊಡು. ಹೇಗೆ ಅಂತ ತೋರ್ಸು."

ವೆರ್ನಾ ಮೊದಲ ಸಲ ಬಳಿದ ಪಕ್ಕದ ಗೋಡೆ ನೋಡಿ ಚಿಕ್ಕಮ್ಮ, "ಕೋಳಿ ಕೆದರಿದ ಹಾಗಿದೆ," ಎಂದು ನಕ್ಕಳು. ಐವತ್ತಾರರ ಆ ಮಹಾ ಚಿತ್ರಗಾರ್ತಿ ಅದನ್ನು ಒರೆಸಿ, ತೊಗಲನ್ನು ಮತ್ತೆ ಮಣ್ಣಿಗೆ ಅದ್ದಿದಳು.