ಗೂಡು ಆಯೋರ ತಲೆ ಮೇಲಿನ ಕ್ಯಾಮೆರಾ

ಸಂಜೆ ಕೆಲಸ ಮುಗಿಸಿ ಬಂದ ಅಂಬುಜಮ್ಮನಿಗೆ ಒಳಗೆ ಹೋಗುವಷ್ಟೂ ತ್ರಾಣವಿರಲಿಲ್ಲ. ಜಗುಲಿಯ ಮೇಲೇ ಕೂತುಬಿಟ್ಟಳು. ರಾಮನಗರದಲ್ಲಿ ಫಕ್ರುದ್ದೀನ್ ಸಾಹೇಬರ ಫಿಲೇಚರ್, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಇದೆ. ಅಲ್ಲಿ ಗೂಡು ಆಯುವುದು ಅವಳ ಕೆಲಸ. ಕಲೆ ಬಿದ್ದದ್ದು, ತೂತಾದದ್ದು, ಎರಡು ಹುಳ ಸೇರಿ ಕಟ್ಟಿದ್ದು, ಎಲ್ಲ ಬೇರೆ ಹಾಕಬೇಕು. ಗಂಡ ಚೆಲುವಯ್ಯ ಸೊಂಟ ಮುರಿದುಕೊಂಡು ಮನೆ ಸೇರಿದ ಮೇಲೆ ಈ ಕೂಲಿಯಿಂದಲೇ ಒಲೆ ಉರಿಯಬೇಕು.

ಯುಗಾದಿ ಕಳೆದ ಮೇಲೆ ಆಯಾಸ ಇನ್ನೂ ಹೆಚ್ಚಾಗಿತ್ತು. ಆಯುವ ಮೇಜಿನ ನೆತ್ತಿಗೇ ಒಂದು ಕ್ಯಾಮೆರಾ ಬಂದಿತ್ತು. ಯಾಕೆ ಅಂತ ಸಾಹೇಬರು ಹೇಳಲಿಲ್ಲ, ಆಯುವ ಹೆಂಗಸರೂ ಕೇಳಲಿಲ್ಲ. ಸೋಮಾರಿಗಳನ್ನು ಹಿಡಿಯೋಕೆ ಅಂತ ತಾವೇ ತೀರ್ಮಾನ ಮಾಡಿಕೊಂಡರು. ಪಾಪ, ಅವತ್ತಿನಿಂದ ತಲೆಯೆತ್ತದೆ ದುಡಿದರು. ಎಲ್ಲರಿಗಿಂತ ಹಿರಿಯಳಾದ ಬೈರಮ್ಮ ಕೆಲಸದ ನಡುವೆ ಎಲೆಅಡಿಕೆ ಹಾಕುವುದನ್ನೇ ಬಿಟ್ಟಳು.

ಪಕ್ಕದ ಮನೆಯ ರಮ್ಯಾ ಕಾಫಿ ತಂದುಕೊಟ್ಟಳು. ಮೊದಲು ಚನ್ನಪಟ್ಟಣದ ಕಡೆ ಒಂದು ಫಿಲೇಚರ್‌ನಲ್ಲಿದ್ದವಳು, ಈಗ ಮಹಿಳಾ ಸಂಘ ನೋಡಿಕೊಳ್ಳುತ್ತಾಳೆ.

"ಏನಕ್ಕಾ, ಹಿಂಗ್ ಸುಸ್ತಾಗ್ಬುಟ್ಟಿದ್ದೀಯ?"

"ಇನ್ನೇನವ್ವ, ತಲೆ ಮೇಲೆ ಆ ಕ್ಯಾಮೆರಾ ಐತಲ್ಲ. ಒಂದು ಗೂಡು ತಪ್ಪಿದ್ರೆ ಏನಂತಾರೋ ಅಂತ ಕಣ್ಣು ಮಿಟುಕಿಸ್ದೆ ಆಯ್ತೀವಿ."

ರಮ್ಯಾಳ ಮುಖ ಸಪ್ಪಗಾಯಿತು. "ಅಯ್ಯೋ ಅಕ್ಕ, ಅದು ನಿಮ್ಮ ಸೋಮಾರಿತನ ನೋಡಕ್ಕಲ್ಲ. ನಿಮ್ಮ ಕೈ ನೋಡಿ ಕಲೀತೈತೆ. ಯಾವ ಗೂಡು ಒಳ್ಳೇದು, ಯಾವುದು ಕೆಟ್ಟದ್ದು, ಎಲ್ಲಾ ಕಂಪ್ಯೂಟರ್‌ಗೆ ಹೋಯ್ತೈತೆ. ಎಐ ಅಂತಾರಲ್ಲ, ಅದೇ. ಪೂರ್ತಿ ಕಲ್ತ ಮೇಲೆ ಆಯೋ ಮಿಷನ್ ಬತ್ತದೆ."

"ಹೋಗವ್ವ! ಗೂಡು ಮುಟ್ಟದೆ ಅದಕ್ಕೇನು ಗೊತ್ತಾಯ್ತದೆ?"

"ನಾವೂ ಹಿಂಗೇ ನಗ್ತಿದ್ವಿ. ಒಂದಿನ ಬೆಳಿಗ್ಗೆ ಹೋದ್ರೆ ನಮ್ಮ ಜಾಗದಾಗೆ ಮಿಷನ್ ನಿಂತಿತ್ತು."

ಅಂಬುಜಮ್ಮ ಕಾಫಿ ಲೋಟ ಕೆಳಗಿಟ್ಟಳು. ಹೆದರಿ ಹೆದರಿ ಅಷ್ಟು ಚೊಕ್ಕವಾಗಿ ದುಡಿದದ್ದು ಇದಕ್ಕಾ? ಚೆನ್ನಾಗಿ ಆಯ್ದಷ್ಟೂ ಚೆನ್ನಾಗಿ ಕಲಿಸಿಕೊಟ್ಟಂತಾಯಿತಲ್ಲ!

"ನಾಳೆಯಿಂದ ಕೆಟ್ಟದ್ನೇ ಒಳ್ಳೇದರ ಜೊತೆಗೆ ಹಾಕ್ತೀನಿ. ಕಲೀಲಿ, ಮುಂಡೇದು!"

"ಬ್ಯಾಡಕ್ಕ. ನೂಲು ಹಾಳಾದ್ರೆ ಮೊದ್ಲು ನಿಮ್ಮನ್ನೇ ಆಚೆ ಹಾಕ್ತಾರೆ. ಮಿಷನ್ ಬರೋದಂತೂ ಬತ್ತದೆ. ಅದು ಕಲಿಯೋ ತನಕ ಸಾಹೇಬ್ರಿಗೆ ನೀವು ಬೇಕು. ಮಿಷನ್ ಬಂದ್ರೆ ನಮ್ಮ ಗತಿ ಏನು ಅಂತ ಈಗ್ಲೇ ಹೋಗಿ ಕೇಳಿ."

ಒಳಗಿಂದ ಚೆಲುವಯ್ಯ ಗದರಿದ: "ಸುಮ್ಕಿರಮ್ಮಿ! ಕೇಳಕ್ಕೋದ್ರೆ ಇರೋ ಕೆಲ್ಸಾನೂ ಹೋಯ್ತದೆ."

"ಕೇಳದಿದ್ರೂ ಹೋಯ್ತದೆ ಚೆಲುವಣ್ಣ. ಒಬ್ಬಳೇ ಹೋಗೋದು ಬ್ಯಾಡ, ಎಲ್ರೂ ಸೇರಿ ಹೋಗ್ಲಿ. ನಾವು ಬಾಯಿ ಬಿಡ್ಲಿಲ್ಲ. ನನ್ನ ಜೊತೆ ಆಯ್ತಿದ್ದೋರು ಈಗ ಎಲ್ಲವ್ರೋ, ನಂಗೇ ಗೊತ್ತಿಲ್ಲ."

ಅಂಬುಜಮ್ಮ ಎದ್ದು, ಜೊತೆಯವರನ್ನು ಕರೆಯಲು ಹೊರಟಳು.

ಮಾರನೆಯ ದಿನ ಹೆಂಗಸರೆಲ್ಲ ಸಾಹೇಬರ ಮುಂದೆ ನಿಂತರು. ಅಂಬುಜಮ್ಮ ಮುಂದೆ ಬಂದು ಕೇಳಿದಳು.

"ಸಾಹೇಬ್ರೇ, ಆ ಕ್ಯಾಮೆರಾ ನಮ್ಮ ಕೆಲ್ಸ ಕಲೀತೈತಂತೆ. ನಿಜವಾ?"

ಫಕ್ರುದ್ದೀನ್ ಸಾಹೇಬರು ತಲೆ ತಗ್ಗಿಸಿದರು. "ನಿಜ ಅಮ್ಮ. ದೀಪಾವಳಿ ಹೊತ್ತಿಗೆ ಮಿಷನ್ ಬತ್ತದೆ. ನಾನು ತರದಿದ್ರೆ ಪಕ್ಕದವನು ತರ್ತಾನೆ. ಆಗ ನಾನೇ ಬಾಗಿಲು ಹಾಕಬೇಕು."

"ತನ್ನಿ, ಬ್ಯಾಡ ಅನ್ನಲ್ಲ. ಆದ್ರೆ ಅದಕ್ಕೆ ಕಲಿಸ್ತಿರೋರು ನಾವು. ಅದನ್ನ ನಡೆಸೋದನ್ನ ನಮಗೂ ಕಲಿಸಿ, ಕೂಲಿ ಕೊಟ್ಟು ಕಲಿಸಿ. ಹೊರಗಿಂದ ಆಳು ತರಬ್ಯಾಡಿ."

ಒಂದೇ ದಿನಕ್ಕೆ ಇದು ಬಗೆಹರಿಯಲಿಲ್ಲ. ಹೆಂಗಸರು ಬೈದರು, ಅತ್ತರು, ಮತ್ತೆ ಹೋಗಿ ನಿಂತರು. ರಮ್ಯಾ ಸಂಘದವರನ್ನೂ ಕರೆದುಕೊಂಡು ಹೋದಳು. ಕೊನೆಗೆ ಅರ್ಧ ಜನ ಮಿಷನ್ ನಡೆಸುವುದು, ಉಳಿದವರು ನೂಲು ತೆಗೆಯುವ ಕಡೆ ಹೋಗುವುದು ಎಂದಾಯಿತು. ಬೈರಮ್ಮನಿಗೆ ಮಾತ್ರ ಜಾಗ ಸಿಗಲಿಲ್ಲ. ಮಿಷನ್‌ಗೆ ಕಿರಿಯರನ್ನೇ ಆರಿಸಿದ್ದರು; ಬಿಸಿನೀರಲ್ಲಿ ಕೈ ಅದ್ದಿ ನೂಲು ತೆಗೆಯುವ ಕೆಲಸ ಆ ವಯಸ್ಸಿಗೆ ಆಗದು. ನೂಲಿನ ಕಟ್ಟು ಕಟ್ಟುವ ಹಗುರ ಕೆಲಸಕ್ಕೆ ಹಿಂದಿನ ತಿಂಗಳೇ ಹೊಸಬರನ್ನು ತೆಗೆದುಕೊಂಡಾಗಿತ್ತು. ಒಂದಿಷ್ಟು ಪರಿಹಾರ ಕೊಟ್ಟು ಕಳಿಸಿದರು. ಅವಳು ಹೋದ ಮಧ್ಯಾಹ್ನ ಯಾರಿಗೂ ಊಟ ಸೇರಲಿಲ್ಲ.

"ಕೆಲ್ಸ ಉಳೀತಲ್ಲ, ಬುಡು," ಎಂದ ಚೆಲುವಯ್ಯ. "ಆ ಹುಡ್ಗಿ ಹೇಳಿದ್ದೇ ಸರಿ. ನನ್ ಮಾತು ಕೇಳಿದ್ರೆ ಕೆಡ್ತಿದ್ದೆ."

"ನಂದು ಉಳೀತು," ಎಂದಳು ಅಂಬುಜಮ್ಮ. "ಕ್ಯಾಮೆರಾ ತಂದ ದಿನವೇ ಕೇಳಿದ್ರೆ ಬೈರಮ್ಮಂದೂ ಉಳೀತಿತ್ತು."

ಅಕ್ಕತಂಗಿಯರೇ, ನೀವು ಗೂಡು ಆಯುವವರಿರಬಹುದು, ಗಾರ್ಮೆಂಟ್ಸ್‌ಗೆ ಹೋಗುವವರಿರಬಹುದು, ಗೊಂಬೆಗೆ ಬಣ್ಣ ಹಚ್ಚುವವರಿರಬಹುದು. ಕೆಲಸದ ಜಾಗಕ್ಕೆ ಹೊಸದೇನಾದರೂ ಬಂದರೆ ಬಾಯಿಬಿಟ್ಟು ಕೇಳಿ. ಇದು ಯಾಕೆ ಬಂತು? ನಮ್ಮ ಕೆಲಸ ಏನಾಗುತ್ತದೆ? ನಮಗೇನು ಕಲಿಸುತ್ತೀರಿ? ಒಬ್ಬರೇ ಹೋಗಬೇಡಿ. ದಣಿದಿದ್ದೀರಿ, ಗೊತ್ತು. ದಣಿದಿದ್ದರೂ ಈ ವಾರದ ಸಂಘದ ಸಭೆಯಲ್ಲಿ ಈ ಮಾತು ತೆಗೆಯಿರಿ. ನಿಮ್ಮ ಪಕ್ಕದಲ್ಲೂ ಒಬ್ಬ ಬೈರಮ್ಮ ಕೂತಿರುತ್ತಾಳೆ. ಅವಳಿನ್ನೂ ಕೆಲಸದಲ್ಲಿರುವಾಗಲೇ ಕೇಳಿ.