ಚಳಿಗಾಲದ ಸೂಜಿ

"ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನೋಕೆ ಇದೇನು ಮಿಠಾಯಿನಾ?" ಎನ್ನುತ್ತ ದೊಡ್ಡ ಸಿಸ್ಟರ್ ಗೋಡೆಯ ಹೊಸ ಪೋಸ್ಟರಿಗೆ ಬೆನ್ನು ಹಾಕಿ ಕೂತಳು. "ಗ್ಲೌಸ್ ಕೇಳಿದರೆ ನಾಳೆ ಬಾ ಅನ್ನೋ ಆಸ್ಪತ್ರೆ, ಈಗ ಕರೆದು ಕರೆದು ಫ್ಲೂ ಸೂಜಿ ಹಾಕ್ತೀವಿ ಅಂದರೆ ಒಳಗೇನೋ ಇದೆ."

ಊಟದ ಕೋಣೆಯಲ್ಲಿದ್ದ ನರ್ಸುಗಳು, ಆಯಾಗಳು ನಕ್ಕರು. ಬಾಗಿಲ ಬಳಿ ಲಸಿಕೆಯ ಪೆಟ್ಟಿಗೆ ಹಿಡಿದು ನಿಂತಿದ್ದ ಚಿಕ್ಕ ಸಿಸ್ಟರ್ ನಗಲಿಲ್ಲ. ಇಬ್ಬರೂ ಓರಗಿತ್ತಿಯರು. ಅಣ್ಣನ ಹೆಂಡತಿ ದೊಡ್ಡವಳು, ತಮ್ಮನ ಹೆಂಡತಿ ಚಿಕ್ಕವಳು. ಒಂದೇ ಮನೆ, ಒಂದೇ ಆಸ್ಪತ್ರೆ. ಸೋಂಕು ಹರಡದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನು ಈ ವರ್ಷ ಚಿಕ್ಕವಳಿಗೆ ಕೊಟ್ಟಿದ್ದರು. ಚಳಿ ಬೀಳುವ ಮೊದಲು ಸಿಬ್ಬಂದಿಯನ್ನೆಲ್ಲ ಸೂಜಿಗೆ ಒಪ್ಪಿಸುವ ಕೆಲಸವೂ ಅವಳ ತಲೆಗೇ ಬಂದಿತ್ತು. ಬೇರೆ ವಾರ್ಡಿನವರು ಗೊಣಗುತ್ತಲೇ ತೋಳು ಕೊಟ್ಟಿದ್ದರು. ಕಿಡ್ನಿ ವಾರ್ಡಿನವರು ಮಾತ್ರ ತಮ್ಮ ದೊಡ್ಡ ಸಿಸ್ಟರ್ ಮುಖ ನೋಡುತ್ತಿದ್ದರು.

ಸಂಜೆ ಬಸ್ಸಿನಲ್ಲಿ ಚಿಕ್ಕವಳು ಮೆಲ್ಲಗೆ ಮಾತು ತೆಗೆದಳು. "ಅಕ್ಕ, ನೀವು ಹಾಕಿಸ್ಕೊಂಡ್ರೆ ಅವರೂ ಬರ್ತಾರೆ."

"ನಿನಗೆ ಹೆಸರು ಬರೋಕೆ ನನ್ನ ತೋಳು ಬೇಕಾ?"

ಚಿಕ್ಕವಳು ಕಿಟಕಿಯ ಕಡೆ ತಿರುಗಿದಳು. ಆಡಿದ ಮಾತು ಅತಿಯಾಯಿತೆಂದು ದೊಡ್ಡವಳಿಗೂ ಅನಿಸಿತು. ಆದರೂ ಅನುಮಾನ ಹೋಗಲಿಲ್ಲ. ಹಿಂದೊಮ್ಮೆ ಇದೇ ಸೂಜಿ ಹಾಕುವಾಗ, "ಏನೂ ಆಗಲ್ಲ ಸಿಸ್ಟರ್" ಎಂದು ಡಾಕ್ಟರು ಬೆನ್ನು ತಟ್ಟಿದ್ದರು. ಅಂದು ರಾತ್ರಿ ಮೈ ಕೆಂಡವಾಗಿತ್ತು, ತೋಳು ಎತ್ತಲಾಗದೆ ಮಲಗಿದ್ದಳು. ಹೋಗಿ ಹೇಳಿದರೆ ಅದೇ ಡಾಕ್ಟರು, "ಅದೆಲ್ಲ ಮಾಮೂಲಿ" ಎಂದು ನಕ್ಕಿದ್ದರು. ಮಾಮೂಲಿ ಎಂದು ಗೊತ್ತಿದ್ದವರು ಮೊದಲೇ ಯಾಕೆ ಬಾಯಿ ಬಿಡಲಿಲ್ಲ? ಇದೊಂದನ್ನು ಮುಚ್ಚಿಟ್ಟವರು ಇನ್ನೇನನ್ನು ಮುಚ್ಚಿಟ್ಟಿರಬಹುದು? ಅಂದಿನಿಂದ ಆಸ್ಪತ್ರೆಯ ಯಾವ ಪೋಸ್ಟರನ್ನೂ ಅವಳು ಪೂರ್ತಿ ಓದಿದವಳಲ್ಲ.

ಮರುದಿನ ಕಿಡ್ನಿ ವಾರ್ಡಿನ ಕೊನೆಯ ಕೋಣೆಗೆ ಹೊಸ ರೋಗಿಯೊಬ್ಬಳು ಬಂದಿದ್ದಳು. ವೃತ್ತಿಯಲ್ಲಿ ದರ್ಜಿ. ಅಣ್ಣ ಕೊಟ್ಟ ಕಿಡ್ನಿಯನ್ನು ಅವಳ ಹೊಟ್ಟೆಯೊಳಗೆ ಕೂರಿಸಿ ಹೆಚ್ಚು ದಿನವಾಗಿರಲಿಲ್ಲ. ಆ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಎಂದು ಕೊಡುವ ಮಾತ್ರೆಗಳು ಮೈಯ ಕಾವಲನ್ನೇ ಮಲಗಿಸಿಬಿಡುತ್ತವೆ. ನಮಗೆ ನೆಗಡಿಯಾಗಿ ಹೋಗುವುದು ಅವಳ ಜೀವಕ್ಕೇ ಬರಬಹುದು. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಳಗೆ ಬಂದ ಯಾರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಕಸ ಗುಡಿಸುವವಳು ಗಂಟಲು ಸರಿಮಾಡಿಕೊಂಡಿದ್ದಕ್ಕೆ ಅವಳನ್ನು ಹೊರಗೆ ಕಳಿಸಿದ್ದಳು.

ದೊಡ್ಡ ಸಿಸ್ಟರ್ ಡ್ರಿಪ್ ಬದಲಿಸಲು ಬಾಗಿದಾಗ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಮಾಸ್ಕಿನ ಹಿಂದೆ ಕೆಮ್ಮು ಗಿಮ್ಮು ಇಲ್ಲ ತಾನೇ?"

"ಇಲ್ಲಮ್ಮ."

"ಚಳಿಗಾಲದ ಸೂಜಿ ಆಗಿದೆಯಾ? ನಮ್ಮಣ್ಣ ಹಾಕಿಸ್ಕೊಂಡೇ ನನ್ನ ನೋಡೋಕೆ ಬರ್ತಾನೆ."

ದೊಡ್ಡ ಸಿಸ್ಟರ್ ಟೇಪು ಹರಿಯುತ್ತ, "ಹೂಂ, ಆಗಿದೆ" ಎಂದಳು.

ಹೊರಗೆ ಬಂದು ಬೇಸಿನ್ನಿನಲ್ಲಿ ಕೈ ತೊಳೆದಳು. ಎಷ್ಟು ತೊಳೆದರೂ ಸಮಾಧಾನವಾಗಲಿಲ್ಲ. ಎಷ್ಟು ಸಲೀಸಾಗಿ ಬಂತಲ್ಲ ಆ ಮಾತು. ಆ ಡಾಕ್ಟರ ಹಾಗೆ ಬೆನ್ನು ತಟ್ಟುವುದೊಂದು ಬಾಕಿ.

ಮಧ್ಯಾಹ್ನ ಅವಳು ಓರಗಿತ್ತಿಯನ್ನು ಹುಡುಕಿಕೊಂಡು ಔಷಧಿ ಕೋಣೆಗೆ ಹೋದಳು. "ಏನೂ ಆಗಲ್ಲ ಅಂತ ಮಾತ್ರ ಹೇಳಬೇಡ. ಇರೋದನ್ನ ಇದ್ದ ಹಾಗೆ ಹೇಳು."

ಚಿಕ್ಕವಳು ಫ್ರಿಜ್ಜಿನ ಬಾಗಿಲು ಮುಚ್ಚಿ ನಿಂತಳು. "ತೋಳು ನೋಯುತ್ತೆ. ನಿಮಗೆ ಹಿಂದೆ ಜ್ವರ ಬಂದಿತ್ತು, ಈ ಸಲವೂ ಬರಬಹುದು. ಒಂದೆರಡು ದಿನ ಇರುತ್ತೆ. ಅದು ಫ್ಲೂ ಅಲ್ಲ, ಈ ಸೂಜಿಯಿಂದ ಫ್ಲೂ ಬರೋಕೆ ಸಾಧ್ಯ ಇಲ್ಲ. ಹಾಗಂತ ಹಾಕಿಸ್ಕೊಂಡ್ರೆ ಫ್ಲೂ ಬರೋದೇ ಇಲ್ಲ ಅಂತಾನೂ ನಾನು ಹೇಳಲ್ಲ. ಬರೋದು ಕಡಿಮೆ, ಬಂದರೂ ಜೋರು ಕಡಿಮೆ." ಫ್ರಿಜ್ಜಿಗೆ ಒರಗಿ, "ಇನ್ನು ಹೆಸರಿನ ವಿಷಯ. ಆಸೆ ಇಲ್ಲ ಅಂದ್ರೆ ಸುಳ್ಳಾಗುತ್ತೆ ಅಕ್ಕ" ಎಂದಳು.

ದೊಡ್ಡವಳಿಗೆ ನಗು ಬಂತು. ತಡೆದುಕೊಂಡಳು. "ಇದನ್ನ ಪೋಸ್ಟರಲ್ಲಿ ಬರೀಬೇಕಿತ್ತು."

"ಮೇಲಿನವರು ಬರೆಯೋಕೆ ಬಿಡಲಿಲ್ಲ."

ದೊಡ್ಡವಳು ತೋಳಿನ ಬಟ್ಟೆ ಮೇಲೆ ಸರಿಸಿದಳು. ಸೂಜಿ ಒಳಗೆ ಹೋಗುವಾಗ ಓರಗಿತ್ತಿಯ ಮುಖವನ್ನೇ ನೋಡುತ್ತಿದ್ದಳು, ಅಲ್ಲೇನಾದರೂ ಗೆದ್ದ ಕಳೆ ಕಾಣುತ್ತದೆಯೋ ಎಂದು. ಚಿಕ್ಕವಳ ಮೇಲ್ದುಟಿಯಲ್ಲಿ ಬೆವರಿತ್ತು, ಅಷ್ಟೇ.

ಅಲ್ಲಿಂದ ನೇರ ಕೊನೆಯ ಕೋಣೆಗೆ ಹೋದಳು. ಒಳಗೆ ಕಾಲಿಡದೆ ಬಾಗಿಲಲ್ಲೇ ನಿಂತು, "ಬೆಳಗ್ಗೆ ನಿಮಗೆ ಸುಳ್ಳು ಹೇಳಿದೆ. ಸೂಜಿ ಆಗಿರಲಿಲ್ಲ. ಈಗ ಹಾಕಿಸ್ಕೊಂಡು ಬಂದೆ. ಅದು ಕೆಲಸ ಮಾಡೋಕೆ ಎರಡು ವಾರ ಹಿಡಿಯುತ್ತೆ" ಎಂದಳು.

ದರ್ಜಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು, "ಅಲ್ಲೀತನಕ ಬೇರೆ ಯಾರನ್ನಾದ್ರೂ ಕಳಿಸಿ ಸಿಸ್ಟರ್" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. "ಆಮೇಲೂ ನೀವೇ ಬರಬೇಕಾ ಅನ್ನೋದನ್ನ ಆಮೇಲೆ ನೋಡೋಣ."

"ಆಗಲಿ" ಎಂದು ದೊಡ್ಡ ಸಿಸ್ಟರ್ ಬಾಗಿಲೆಳೆದುಕೊಂಡಳು. ಇಷ್ಟು ವರ್ಷಗಳಲ್ಲಿ ರೋಗಿಯೊಬ್ಬರು ಅವಳನ್ನು ಬೇಡವೆಂದದ್ದು ಇದೇ ಮೊದಲು. ವಿಷಯ ಸಂಜೆಯೊಳಗೆ ವಾರ್ಡಿಗೆಲ್ಲ ತಿಳಿಯಿತು. ಇಬ್ಬರು ಆಯಾಗಳು ಸೂಜಿ ಹಾಕಿಸಿಕೊಳ್ಳಲು ಔಷಧಿ ಕೋಣೆಯ ಕಡೆ ನಡೆದರು. ಉಳಿದವರು, ದೊಡ್ಡಕ್ಕನಿಗೆ ಏನಾಗುತ್ತೋ ನೋಡಿಕೊಂಡು ಹೋದರಾಯಿತು ಎಂದರು.

ಮಾರನೆಯ ದಿನ ರಜೆ. ಮೈ ಬೆಚ್ಚಗಿತ್ತು, ತೋಳು ಕಲ್ಲಾಗಿತ್ತು. ಮಹಡಿಯ ಮೇಲೆ ಓರಗಿತ್ತಿಯರು ಒದ್ದೆ ಹೊದಿಕೆಯ ಒಂದೊಂದು ತುದಿ ಹಿಡಿದು ನಿಂತರು.

"ತುಂಬಾ ನೋಯ್ತಿದೆಯಾ ಅಕ್ಕ?"

"ನೀನು ಹೇಳಿದ್ದಕ್ಕಿಂತ ಜಾಸ್ತೀನೇ."

ಚಿಕ್ಕವಳು ತನ್ನ ತುದಿಯನ್ನು ಮುಂಗೈಗೆ ಒಂದು ಸುತ್ತು ಹೆಚ್ಚು ಸುತ್ತಿಕೊಂಡಳು. ದೊಡ್ಡವಳು ನೋಯದ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಳು, ಚಿಕ್ಕವಳು ಹಿಂಡಿದಳು. ನಡುವೆ ನೀರು ಮೊದಲು ಧಾರೆಯಾಗಿ, ಆಮೇಲೆ ಹನಿಹನಿಯಾಗಿ ಬಿಸಿಲಿಗೆ ಕಾದ ನೆಲದ ಮೇಲೆ ಬೀಳತೊಡಗಿತು.